ಸೂರಿನ ಸೇತುವೆ, ಬೆರಳುದ್ದದ ನಿಧಿ

“ಅಜ್ಜಾ, ಅಗೀಬಾರದು. ರೂಲ್ಸ್ ಇದೆ” ಎಂದು ತಂಗಿಯ ಮೊಮ್ಮಗ ತಡೆದಾಗ ನಾನು ಕಡ್ಡಿಯೊಂದನ್ನು ಹಿಡಿದು ತರಗೆಲೆ ಕೆದಕುತ್ತಿದ್ದೆ. ಹನ್ನೊಂದು ವರ್ಷದ ಪೋರ. ಅವನ ಕೈಯಲ್ಲಿ ಅಮ್ಮನ ಫೋನು, ಫೋನಿನಲ್ಲೊಂದು ಬಾಣದ ಗುರುತು, ಇನ್ನು ಹದಿನೆಂಟು ಅಡಿ ಎನ್ನುವ ಲೆಕ್ಕ. ನಿಧಿ ಎಂದ ಕೂಡಲೇ ನಮ್ಮ ಕಡೆಯವರ ಕೈ ನೆಲಕ್ಕೇ ಹೋಗುತ್ತದೆ, ಏನು ಮಾಡುವುದು! ನಾವಿದ್ದದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾರ್ನಿಷ್ ಊರಿನಂಚಿನಲ್ಲಿ. ಎದುರಿಗೆ ಕನೆಕ್ಟಿಕಟ್ ನದಿ, ಆಚೆ ದಡದಲ್ಲಿ ವರ್ಮಾಂಟ್ ರಾಜ್ಯದ ವಿಂಡ್ಸರ್, ನಡುವೆ 1866ರಲ್ಲಿ ಕಟ್ಟಿದ ಮರದ ಸೇತುವೆ. ಸೇತುವೆಗೆ ಗೋಡೆಯಿದೆ, ಸೂರಿದೆ. ದೂರದಿಂದ ನೋಡಿದರೆ ಯಾರೋ ಕೊಟ್ಟಿಗೆಯೊಂದನ್ನು ಎಳೆದೆಳೆದು ಉದ್ದ ಮಾಡಿ ಹೊಳೆಗೆ ಅಡ್ಡ ಇಟ್ಟ ಹಾಗೆ.

ಈ ಆಟದ ಹೆಸರು ಜಿಯೋಕ್ಯಾಷಿಂಗ್. ಅಮೆರಿಕದ ಸೇನೆ ಒಂದು ಕಾಲದಲ್ಲಿ ಜಿಪಿಎಸ್ ಸಂಕೇತವನ್ನು ಜನಸಾಮಾನ್ಯರಿಗೆ ಬೇಕೆಂದೇ ಮಸುಕು ಮಾಡಿ ಕೊಡುತ್ತಿತ್ತು. ತೋರಿಸಿದ ಜಾಗ ನೂರು ಮೀಟರಿನಷ್ಟು ತಪ್ಪಬಹುದಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ ಆ ಮಸುಕನ್ನು ತೆಗೆಸಿದರು. ಮೇ 3ರಂದೇ ಡೇವ್ ಉಲ್ಮರ್ ಎಂಬಾತ ಆರೆಗನ್ನಿನ ಪೋರ್ಟ್‌ಲೆಂಡ್ ಬಳಿ ಒಂದು ಕರಿ ಬಕೆಟ್ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಊರಿಗೆಲ್ಲ ಸಾರಿದ. ಒಳಗಿದ್ದ ಐಶ್ವರ್ಯವೋ ಒಂದಿಷ್ಟು ಪುಸ್ತಕ, ಒಂದು ಕವಣೆ, ಒಂದು ಡಬ್ಬಿ ಬೀನ್ಸ್! ಏನಾದರೂ ತೆಗೆದುಕೊಳ್ಳಿ, ಬದಲಿಗೆ ಏನಾದರೂ ಇಡಿ, ಒಳಗಿನ ಪುಸ್ತಕದಲ್ಲಿ ಬರೆದು ಹೋಗಿ ಎನ್ನುವ ನಿಯಮ ಅವತ್ತಿನದೇ. ಅಗೆಯಬಾರದು, ಮರ ಕಟ್ಟಡಗಳಿಗೆ ಏಟು ಮಾಡಬಾರದು, ಡಬ್ಬಿಯನ್ನು ಇದ್ದಲ್ಲೇ ಇಡಬೇಕು ಎನ್ನುವುದೆಲ್ಲ ಈಗ ಆಟಗಾರರ ಕಟ್ಟಳೆ. ಇದನ್ನು ಕೇಳುವಾಗ ನನಗೆ ಆನೆಗೊಂದಿಯ ನಡುಗಡ್ಡೆ ನೆನಪಾಗದೆ ಇರಲಿಲ್ಲ. 2019ರ ಜುಲೈಯಲ್ಲಿ ನಿಧಿಯಾಸೆಗೆ ಬಿದ್ದವರು ಅಲ್ಲಿ ವ್ಯಾಸರಾಯರ ಬೃಂದಾವನವನ್ನೇ ಒಡೆದುಹಾಕಿದ್ದರು. ನಮ್ಮಲ್ಲಿ ನಿಧಿ ಹುಡುಕುವವನು ಬಂದು ಹೋದ ಗುರುತು ಗುಂಡಿ. ಇಲ್ಲಿ ಒಂದು ಸಹಿ.

ಬಾಣ ಮರಗಳ ಕೆಳಗೆ ತಡಬಡಿಸತೊಡಗಿದ್ದರಿಂದ ಹುಡುಗ ಫೋನು ಹಿಡಿದು ಸುತ್ತು ಹಾಕುತ್ತಿದ್ದ. ನಾನು ಸೇತುವೆಯ ಬಾಯಿಗೆ ಹೋಗಿ ನಿಂತೆ. ಕುದುರೆಗಳನ್ನು ನಡೆಸಿಕೊಂಡೇ ಹೋಗಬೇಕು, ತಪ್ಪಿದರೆ ಎರಡು ಡಾಲರ್ ದಂಡ ಎನ್ನುವ ಫಲಕ ನೆತ್ತಿಯ ಮೇಲಿದೆ. ಕೆಳಗೆ ಕಾರುಗಳು ಓಡುತ್ತಿವೆ. ಉದ್ದ ಸುಮಾರು 450 ಅಡಿ, ನೀರಿನ ನಡುವೆ ಒಂದೇ ಒಂದು ಕಂಬ. ಒಳಗೆ ಇಣುಕಿದರೆ ಎರಡೂ ಬದಿಗೆ ದಪ್ಪ ತೊಲೆಗಳನ್ನು ಓರೆಯಾಗಿ, ಒಂದಕ್ಕೊಂದು ಅಡ್ಡಡ್ಡ, ಬುಟ್ಟಿ ಹೆಣೆದಂತೆ ಹೆಣೆದಿದ್ದಾರೆ. ಈಥಿಯಲ್ ಟೌನ್ ಎಂಬ ವಾಸ್ತುಶಿಲ್ಪಿ 1820ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಅದು. ಕಟ್ಟಿದವರು ಜೇಮ್ಸ್ ಟಾಸ್ಕರ್ ಮತ್ತು ಬೇಲಾ ಫ್ಲೆಚರ್, ತಗುಲಿದ ಖರ್ಚು 9,000 ಡಾಲರ್. 1943ರವರೆಗೂ ಸುಂಕ ಕೊಟ್ಟೇ ದಾಟಬೇಕಿತ್ತು. ಇನ್ನೊಂದು ತಮಾಷೆ: ರಾಜ್ಯಗಳ ಗಡಿ ನದಿಯ ನಡುವಿಲ್ಲ, ವರ್ಮಾಂಟ್ ದಡಕ್ಕೆ ಅಂಟಿಕೊಂಡಿದೆ. ಹಾಗಾಗಿ ಹೊಳೆ ದಾಟುವಷ್ಟು ಹೊತ್ತೂ ನಾವು ನ್ಯೂ ಹ್ಯಾಂಪ್‌ಶೈರ್‌ನವರೇ.

ಹೋಗಿಬರುವವರು ನೆನೆಯದಿರಲಿ, ಹಿಮ ಬೀಳದಿರಲಿ ಎಂದು ಸೂರು ಹಾಕಿದ್ದಾರೆಂದೇ ನಾನು ತಿಳಿದಿದ್ದೆ. ಹಾಗಲ್ಲವಂತೆ. ಚಳಿಗಾಲದಲ್ಲಿ ಜಾರುಬಂಡಿಗಳು ಬರಿಯ ಹಲಗೆಯ ಮೇಲೆ ಜಾರುವುದಿಲ್ಲವಲ್ಲ. ಆಗ ಇಂಥ ಸೇತುವೆಗಳೊಳಗೆ ಆಳುಗಳನ್ನಿಟ್ಟು ಹಿಮ ತಂದು ಸುರಿಸುತ್ತಿದ್ದರು! ಸೂರು ಇರುವುದು ಮನುಷ್ಯರಿಗಲ್ಲ, ತೊಲೆಗಳಿಗೆ. ತೊಲೆಗೆ ತೊಲೆ ಕೂಡುವ ಸಂದಿಯಲ್ಲಿ ನೀರು ನಿಂತರೆ ಮರ ಅಲ್ಲಿಂದಲೇ ಕುಂಬಾಗುತ್ತದೆ. ಬಯಲಿಗೆ ಬಿಟ್ಟ ಮರದ ಸೇತುವೆ ಹದಿನೈದಿಪ್ಪತ್ತು ವರ್ಷ ಬಾಳಿದರೆ ಹೆಚ್ಚು. ಹೊದಿಕೆಯಿದ್ದದ್ದು ನೂರು ದಾಟುತ್ತದೆ. ಇದೇ ಜಾಗದಲ್ಲಿ 1796ರಿಂದ ಮೂರು ಸೇತುವೆ ಬಂದು ಹೋಗಿದ್ದವು. ನಾಲ್ಕನೆಯದು ಆಗಾಗ ರಿಪೇರಿ ಕಂಡು ಇಂದಿಗೂ ನಿಂತಿದೆ.

ನಮ್ಮ ಮನೆಯ ಮುಂದಿನ ಹಳ್ಳಕ್ಕೆ ಅಪ್ಪ ವರ್ಷ ಬಿಟ್ಟು ವರ್ಷ ಸಂಕ ಹಾಕಿಸುತ್ತಿದ್ದ. ನಾಲ್ಕು ಅಡಿಕೆ ಮರ, ಮೇಲೊಂದು ಹಿಡಿಗೆ ಬಿದಿರು. ಎರಡನೇ ಮಳೆಗಾಲಕ್ಕೆ ಮರ ಮೆತ್ತಗಾಗಿ ಹೆಬ್ಬೆರಳು ಒಳಗಿಳಿಯುತ್ತಿತ್ತು. ಅದೇ ಅಪ್ಪ ಮೇ ಕೊನೆಯಲ್ಲಿ ಮನೆಯ ಮಣ್ಣಿನ ಗೋಡೆಗೆ ಎರಚಲು ಬಡಿಯದಂತೆ ಸೋಗೆಯ ತಟ್ಟಿ ತಪ್ಪದೆ ಕಟ್ಟುತ್ತಿದ್ದ. ಗೋಡೆಗೆ ಹೊಳೆದ ಉಪಾಯ ಸಂಕಕ್ಕೆ ಹೊಳೆಯಲಿಲ್ಲವೇಕೆ? ತೋಟದಲ್ಲಿ ಅಡಿಕೆ ಮರಕ್ಕೆ ಬರವಿರಲಿಲ್ಲ, ಅಷ್ಟೇ ಇರಬೇಕು.

“ಸಿಕ್ತು!”

ಮೇಪಲ್ ಮರದ ಬೇರಿನ ಪೊಟರೆಯಲ್ಲಿ ಹಳೇ ಕ್ಯಾಮೆರಾದ ರೀಲು ಹಾಕಿಡುವ ಕರಿ ಡಬ್ಬಿ. ಬೆರಳುದ್ದವೂ ಇಲ್ಲ. ಬಿಗಿಯಾದ ಮುಚ್ಚಳವನ್ನು ಹುಡುಗ ಹಲ್ಲಿನಿಂದ ಕಚ್ಚಿ ತೆಗೆದ. ಒಳಗೆ ಬೀಡಿಯ ಹಾಗೆ ಸುರುಳಿ ಸುತ್ತಿದ ಕಾಗದ, ಅದರ ತುಂಬ ಹೆಸರು, ತಾರೀಖು. ಅಷ್ಟು ಬಿಗಿಯಿದ್ದರೂ ಒಂದು ಅಂಚು ತೇವ ಹೀರಿ ಹಳದಿಯಾಗಿತ್ತು. ಅದನ್ನು ಕಂಡು ಹುಡುಗ ಥೇಟ್ ಹಂಚು ಸೋರುವ ಮನೆಯ ಯಜಮಾನನಂತೆ ನಿಟ್ಟುಸಿರು ಬಿಟ್ಟು, ಡಬ್ಬಿಯ ಒಳಗನ್ನು ಅಂಗಿಯ ತುದಿಯಿಂದ ಒರೆಸಿದ. ಶಾಯಿ ಹರಡುತ್ತದೆಂದು ಪೆನ್ಸಿಲ್ಲನ್ನೇ ತಂದಿದ್ದ. ನಾನು ಕನ್ನಡದಲ್ಲಿ ಹೆಸರು ಬರೆದೆ, ಇನಿಷಿಯಲ್ಲು ಸಮೇತ.

“ಇಷ್ಟುದ್ದನಾ ಅಜ್ಜ? ಬೇರೆಯವರಿಗೆ ಜಾಗ ಬೇಡ್ವಾ?”

ಅಷ್ಟರಲ್ಲಿ ನಾಯಿ ಹಿಡಿದುಕೊಂಡು ಒಬ್ಬರು ಅತ್ತ ಬಂದರು. ಆಟ ಗೊತ್ತಿಲ್ಲದವರನ್ನು ಆಟಗಾರರು ಹ್ಯಾರಿ ಪಾಟರ್ ಕತೆಯಿಂದ ಎರವಲು ತಂದು ‘ಮಗಲ್’ ಎನ್ನುತ್ತಾರೆ. ಅವರೆದುರು ಡಬ್ಬಿ ತೋರಿಸುವಂತಿಲ್ಲ. ಹುಡುಗ ಅದನ್ನು ನನ್ನ ಅಂಗೈಗೆ ತುರುಕಿ, “ಬಗ್ಗಿ ಅಜ್ಜ, ಶೂ ಲೇಸ್ ಕಟ್ಟೋ ಹಾಗೆ ಮಾಡಿ” ಎಂದು ಪಿಸುಗುಟ್ಟಿದ. ಬಗ್ಗಿದೆ. ಕಾಲಲ್ಲಿ ಇದ್ದದ್ದು ಚಪ್ಪಲಿ.