ದೇಸಗತಿಯ ವಾರಸು ಯಾರದು?

ಅಕ್ಟೋಬರ್ 23 ಹತ್ತಿರ ಬಂದಂತೆ ಕಿತ್ತೂರು ಉತ್ಸವದ ತಯಾರಿಯ ಜೊತೆಗೆ ಒಂದು ಹಳೆಯ ಮಾತೂ ಮೇಲೇಳುತ್ತದೆ. ಕಿತ್ತೂರಿನ ದೇಸಾಯರು ಯಾವ ಕುಲದವರು, ಅವರ ವಂಶ ಎಲ್ಲಿಂದ ಬಂತು, ಆ ರಕ್ತದ ಹಕ್ಕುದಾರರು ಇಂದು ಯಾರು? ವೇದಿಕೆಯ ಭಾಷಣಗಳಲ್ಲಿ, ಸಮಾಜದ ಸಭೆಗಳಲ್ಲಿ, ಚುನಾವಣೆಯ ಹೊತ್ತಿನಲ್ಲಂತೂ ಇನ್ನೂ ಜೋರಾಗಿ, ಈ ಪ್ರಶ್ನೆಗಳು ಕೇಳಿಬರುತ್ತವೆ. ಪ್ರಶ್ನೆಯೇ ತಪ್ಪು ಎಂಬುದು ನನ್ನ ವಾದ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳ ಅರಸೊತ್ತಿಗೆಯ ಇತಿಹಾಸವನ್ನು ಕ್ರಮವಾಗಿ ಓದಿದರೆ, ಪದವಿ ರಕ್ತದಿಂದ ಹುಟ್ಟಿದ ಉದಾಹರಣೆ ಸಿಗುವುದು ಕಷ್ಟ. ಪದವಿ ಬಂದದ್ದು ಸೇವೆಯಿಂದ ಮತ್ತು ಸನದಿನಿಂದ. ಅದು ಉಳಿದದ್ದೋ ಅಳಿದದ್ದೋ ಬಹಳ ಸಲ ಒಂದು ದತ್ತಕದ ಕಾಗದದ ಮೇಲೆ ತೀರ್ಮಾನವಾಯಿತು. ವಂಶದ ಹೆಮ್ಮೆ ಆಮೇಲೆ ಬಂದು ಸೇರಿಕೊಂಡದ್ದು.

ಎಲ್ಲಕ್ಕಿಂತ ಹಳೆಯದಾದ ಸವದತ್ತಿಯನ್ನೇ ಮೊದಲು ತೆಗೆದುಕೊಳ್ಳೋಣ. ಶಾಸನಗಳಲ್ಲಿ ಸುಗಂಧವರ್ತಿ ಎಂದಿರುವ ಈ ಊರಿನ ಶಾಸನವೊಂದು ಶಕ 797ರ, ಅಂದರೆ ಕ್ರಿ.ಶ. 875ರ ಹೊತ್ತಿನ ಪೃಥ್ವೀರಾಮನ ಮಾತು ಹೇಳುತ್ತದೆ. ಇಲ್ಲಿಂದ ಆಳಿದ ರಟ್ಟರ ಸಾಲಿನಲ್ಲಿ ಮೊದಲು ನಿಲ್ಲುವವನು ಅವನೇ. ಆದರೆ ಅವನು ಅರಸುಮಗನಾಗಿ ಬಂದವನಲ್ಲ. ಕಾರೆಯ ಗಣದ ಜೈನ ಗುರುಗಳ ಬಳಿ ಶಿಷ್ಯನಾಗಿದ್ದವನು, ರಾಷ್ಟ್ರಕೂಟ ದೊರೆ ಕೃಷ್ಣರಾಜ ಅಧಿಕಾರ ಕೊಟ್ಟಿದ್ದರಿಂದ ಸಾಮಂತನಾದ. ಊರಲ್ಲಿ ಬಸದಿ ಕಟ್ಟಿಸಿ ಭೂಮಿ ಬಿಟ್ಟ. ಮುಂದೆ ಅದೇ ಗದ್ದುಗೆಯಲ್ಲಿ ಕೂತವರು ಮಹಾಮಂಡಳೇಶ್ವರರಾದರು, ‘ಲಟ್ಟನೂರು ಪುರವರಾಧೀಶ್ವರ’ ಎಂಬ ಬಿರುದು ಧರಿಸಿ ತಮ್ಮನ್ನು ರಾಷ್ಟ್ರಕೂಟರ ಕುಲಕ್ಕೇ ಜೋಡಿಸಿಕೊಂಡರು. ಅಧಿಕಾರ ಮೊದಲು, ವಂಶಾವಳಿ ಆಮೇಲೆ. ಹದಿಮೂರನೆಯ ಶತಮಾನದಲ್ಲಿ ಸೇವುಣರ ದಂಡನಾಯಕ ವೀಚಣ ಬಂದು ಅವರನ್ನು ಅಡಗಿಸಿದಾಗ ಆ ವಂಶಾವಳಿ ಯಾವ ರಕ್ಷಣೆಯನ್ನೂ ಕೊಡಲಿಲ್ಲ.

ಕಿತ್ತೂರಿನ ಮೂಲವೂ ಹೀಗೇ ಇದೆ. 1585ರ ಸುಮಾರಿಗೆ ಬಿಜಾಪುರದ ಸೈನ್ಯದ ಜೊತೆ ಸಾಗರದ ಕಡೆಯಿಂದ ಬಂದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು ಸಂಪಗಾವಿಯಲ್ಲಿ ನೆಲೆನಿಂತರು. ಇಬ್ಬರೂ ವರ್ತಕರ ಮನೆಯವರು. ಆದಿಲಶಾಹಿಯ ಸೇವೆಗೆ ಪ್ರತಿಯಾಗಿ ಹಿರಿಯನಿಗೆ ‘ಶಮಶೇರ್ ಜಂಗ್ ಬಹಾದ್ದೂರ್’ ಬಿರುದೂ ಹುಬ್ಬಳ್ಳಿ ಸೀಮೆಯ ಸರ್ದೇಶಮುಖಿಯೂ ದೊರೆತವು. ಮುಂದೆ ಅಲ್ಲಪ್ಪಗೌಡ ಸರ್ದೇಸಾಯಿ ಸಂಪಗಾವಿಯಿಂದ ಕಿತ್ತೂರಿಗೆ ಬಂದು ಕೋಟೆ ಕಟ್ಟಿಸಿದ. ದೇಸಗತಿ ಎಂದರೆ ಒಂದು ಪರಗಣದ ಕಂದಾಯ ಎತ್ತಿ, ಸರಕಾರಕ್ಕೆ ಮುಟ್ಟಿಸಿ, ತನ್ನ ಪಾಲನ್ನು ಇಟ್ಟುಕೊಳ್ಳುವ ವತನ. ಮೇಲಿನ ಸರಕಾರ ಬದಲಾದಾಗಲೆಲ್ಲ ಸನದನ್ನು ಮತ್ತೆ ಪಡೆಯಬೇಕು. ಬಿಜಾಪುರ ಹೋಯಿತು, ಮೊಗಲರು ಬಂದರು, ಸವಣೂರಿನ ನವಾಬರು, ಪೇಶವೆ, ಹೈದರ್ ಮತ್ತು ಟಿಪ್ಪು, ಕೊನೆಗೆ ಕಂಪನಿ. ಕಿತ್ತೂರಿನ ದೇಸಾಯಿ ಮಲ್ಲಸರ್ಜ 1785ರಲ್ಲಿ ಟಿಪ್ಪುವಿನ ಸೆರೆಯಾಳಾಗಿದ್ದ, ಕೊನೆಗಾಲಕ್ಕೆ ಪೇಶವೆಯ ಸೆರೆಯಾಳು. 1809ರಲ್ಲಿ ವರ್ಷಕ್ಕೆ 1,75,000 ರೂಪಾಯಿ ಕಪ್ಪ ಒಪ್ಪಿಕೊಂಡು ಪೇಶವೆಯಿಂದ ಸನದು ತಂದವನೂ ಅವನೇ. ಬರೀ ಹುಟ್ಟೇ ಸಾಕಾಗುವಂತಿದ್ದರೆ ಈ ಮನೆತನ ತಲೆಮಾರಿಗೊಮ್ಮೆ ಇಷ್ಟು ಬೆಲೆ ತೆರಬೇಕಿರಲಿಲ್ಲ.

ಯುರೋಪಿನ ಕುಲೀನರ ಕತೆ ಬೇರೆ, ಅಲ್ಲಿ ರಕ್ತವೇ ಪ್ರಮಾಣ ಎಂದು ಹೇಳುವವರಿದ್ದಾರೆ. ಫ್ರಾನ್ಸಿನ ದಾಖಲೆ ಹಾಗೆ ಹೇಳುವುದಿಲ್ಲ. ಸೇಂಟ್-ಸಿಮೋನ್ ಡ್ಯೂಕ್ ಪದವಿಯನ್ನು ದೊರೆ 1635ರಲ್ಲಿ ಒಬ್ಬ ಮೆಚ್ಚಿನ ಸೇವಕನಿಗೆ ಕೊಟ್ಟ. ಅವನ ಮಗ, ಲೂಯಿ ದೊರೆಯ ಆಸ್ಥಾನದ ನೆನಪುಗಳನ್ನು ಬರೆದು ಹೆಸರಾದವನು, 1755ರಲ್ಲಿ ತೀರಿಕೊಂಡಾಗ ಗಂಡುಮಕ್ಕಳು ಉಳಿದಿರಲಿಲ್ಲವಾದ್ದರಿಂದ ಪದವಿ ಎರಡೇ ತಲೆಮಾರಿಗೆ ಮುಗಿಯಿತು. ರಿಶೆಲ್ಯೂ ಡ್ಯೂಕ್ ಪದವಿಯ ಗತಿ ಬೇರೆ. ಅದನ್ನು ಮೊದಲು ಪಡೆದ ಕಾರ್ಡಿನಲ್ ರಿಶೆಲ್ಯೂ ಸಂನ್ಯಸ್ತ ಪಾದ್ರಿ, ಮಕ್ಕಳಿಲ್ಲ. ರಾಜಪತ್ರದಲ್ಲಿ ಅವಕಾಶ ಇದ್ದುದರಿಂದ ಅವನ ಸೋದರಿಯ ಮೊಮ್ಮಗ ಮನೆತನದ ಹೆಸರನ್ನೇ ಬದಲಿಸಿಕೊಂಡು ಡ್ಯೂಕ್ ಆದ. 1822ರಲ್ಲಿ, ಅಂದರೆ ಕಿತ್ತೂರಿನ ಕಾಳಗಕ್ಕೆ ಎರಡು ವರ್ಷ ಮೊದಲು, ಆ ಮನೆಯಲ್ಲಿ ಮತ್ತೆ ಮಕ್ಕಳಿಲ್ಲದ ಡ್ಯೂಕ್ ಸತ್ತ. ಪದವಿ ಮಲತಂಗಿಯ ಮಗನಿಗೆ ಹೋಯಿತು. ಒಂದೇ ದೇಶ, ಒಂದೇ ದರ್ಜೆಯ ಎರಡು ಪದವಿಗಳು. ಒಂದು ಅಳಿಯಿತು, ಇನ್ನೊಂದು ಹೆಣ್ಣಿನ ಕಡೆಯಿಂದ ಎರಡೆರಡು ಸಲ ದಾಟಿ ಉಳಿಯಿತು. ವ್ಯತ್ಯಾಸ ಇದ್ದದ್ದು ಕಾಗದದಲ್ಲಿ. 1790ರಲ್ಲಿ ಕ್ರಾಂತಿಯ ಸಭೆ ಇಂಥ ಪದವಿಗಳನ್ನೆಲ್ಲ ರದ್ದುಮಾಡಿತು, 1808ರಲ್ಲಿ ನೆಪೋಲಿಯನ್ ಹೊಸ ಪದವಿಗಳನ್ನು ಹಂಚಿದ, 1814ರಲ್ಲಿ ಮರಳಿ ಬಂದ ದೊರೆ ಹಳತು ಹೊಸತು ಎರಡನ್ನೂ ಒಪ್ಪಿಕೊಂಡ. ಕೊಡುವ ಕೈ ಬದಲಾದಂತೆ ಪದವಿಯೂ ಬದಲಾಯಿತು.

ಈ ಹಿನ್ನೆಲೆಯಲ್ಲಿ ಕಿತ್ತೂರಿನ 1824ನ್ನು ನೋಡಬೇಕು. ಬೆಳಗಾವಿ ಕೋಟೆಯ ಮುತ್ತಿಗೆಯಲ್ಲಿ ಕಂಪನಿಗೆ ನೆರವಾಗಿ, 1818ರಲ್ಲಿ ಮನ್ರೋನಿಂದ ದೇಸಗತಿಯನ್ನು ಖಾತ್ರಿ ಮಾಡಿಸಿಕೊಂಡಿದ್ದ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರ್ 11ರಂದು ತೀರಿಕೊಂಡ. ಮಕ್ಕಳಿರಲಿಲ್ಲ. ಮಾಸ್ತಮರಡಿಯ ಬಾಳಪ್ಪಗೌಡರ ಮಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿದ್ದೇನೆ ಎಂಬ ಅವನ ಪತ್ರ ಜುಲೈ ತಾರೀಖು ಹೊತ್ತಿತ್ತು. ಧಾರವಾಡದಲ್ಲಿದ್ದ ಕಲೆಕ್ಟರ್ ಥ್ಯಾಕರೆಯ ಕೈಗೆ ಅದು ಸೇರಿದ್ದು ಸಾವಿನ ಸುಮಾರಿಗೆ. ಥ್ಯಾಕರೆ ಆ ಸಹಿಯನ್ನೇ ನಂಬಲಿಲ್ಲ. ದತ್ತಕವನ್ನು ಮಾನ್ಯ ಮಾಡದೆ ಕಿತ್ತೂರಿಗೆ ಬಂದು ಖಜಾನೆಗೆ ಮುದ್ರೆ ಒತ್ತಿಸಿದ. ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ, ಪುಣೆಯ ಕಮಿಷನರ್ ಚಾಪ್ಲಿನ್‌ಗೆ ರಾಣಿ ಚೆನ್ನಮ್ಮ ಮಾಡಿದ ಮೊರೆ ಫಲಿಸಲಿಲ್ಲ. ಡಾಲ್‌ಹೌಸಿ 1848ರಲ್ಲಿ ಸಾತಾರಾವನ್ನು ನುಂಗುವುದಕ್ಕೆ ಇಪ್ಪತ್ತನಾಲ್ಕು ವರ್ಷ ಮೊದಲೇ, ದತ್ತಕ ಒಪ್ಪದೆ ಸಂಸ್ಥಾನ ಕಸಿಯುವ ಆ ನೀತಿಯ ಪೂರ್ವರೂಪ ಕಿತ್ತೂರಿನ ಬಾಗಿಲಿಗೆ ಬಂದಿತ್ತು. ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಸತ್ತ. ಡಿಸೆಂಬರ್ ಮೊದಲ ವಾರ ಕಂಪನಿ ದೊಡ್ಡ ಪಡೆ ತಂದು ಕೋಟೆ ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾದಳು, 1829ರ ಫೆಬ್ರುವರಿಯಲ್ಲಿ ಅಲ್ಲೇ ತೀರಿಕೊಂಡಳು.

ಹಾಗಾದರೆ ಆಕೆ ಕಾದಾಡಿದ್ದು ಒಂದು ಮನೆಯ ಆಸ್ತಿಗಾಗಿಯೇ, ಅದನ್ನು ನಾಡಿನ ಹೋರಾಟ ಎನ್ನುವುದು ಅತಿಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ದತ್ತಕ ಬರೀ ವಾಡೆಯ ವಿಷಯವಾಗಿರಲಿಲ್ಲ. ಮಕ್ಕಳಿಲ್ಲದ ರೈತ, ಊರಗೌಡ, ಗಂಡ ಸತ್ತ ಹೆಣ್ಣುಮಗಳು, ಎಲ್ಲರೂ ಹೊಲಮನೆ ಕೈಬಿಡಬಾರದೆಂದು ದತ್ತಕದ ಮೊರೆಹೋಗುತ್ತಿದ್ದರು. ಮನೆತನ ಮುಂದುವರಿಯುವುದು ಹೀಗೆ ಎಂಬುದು ಈ ಸೀಮೆಯ ಎಲ್ಲರಿಗೂ ತಿಳಿದ ನ್ಯಾಯ. ಖಾಸಗಿ ಸ್ವತ್ತಿಗೆ ದತ್ತಕ ನಡೆಯುತ್ತದೆ, ಸರಕಾರ ಕೊಟ್ಟ ಅಧಿಕಾರಕ್ಕೆ ನಡೆಯುವುದಿಲ್ಲ ಎಂಬ ಗೆರೆಯನ್ನು ಕಂಪನಿ ತನಗೆ ಬೇಕಾದಾಗ ಎಳೆಯಿತು. ಆ ಗೆರೆ ಎಷ್ಟು ಕೆಳಕ್ಕೆ ಇಳಿಯಬಲ್ಲದು ಎಂಬುದು ಜನಕ್ಕೆ ಬೇಗ ಗೊತ್ತಾಯಿತು. ಸಂಗೊಳ್ಳಿಯ ರಾಯಣ್ಣನ ಮನೆತನಕ್ಕಿದ್ದ ಮಾನ್ಯದ ಹೊಲದಲ್ಲಿ ಒಂದು ಪಾಲು ಸರಕಾರಕ್ಕೆ ಹೋಯಿತು, ಉಳಿದದ್ದರ ಮೇಲೆ ಕರ ಏರಿತು. ಬಂಡೆದ್ದ ಅವನು ಬೀಡಿಯ ಕಚೇರಿಗೆ ಬೆಂಕಿ ಇಟ್ಟ. ಕಂದಾಯದ ಕಚೇರಿಯನ್ನೇ ಗುರಿ ಮಾಡಿದ್ದರಲ್ಲಿ ಅರ್ಥವಿದೆ. ಇನ್ನೂ ಮುಖ್ಯವಾದದ್ದು, ಅವನು ಕಿತ್ತೂರಿನ ಒಡೆಯನೆಂದು ಮುಂದಿಟ್ಟುಕೊಂಡದ್ದು ಅದೇ ದತ್ತುಮಗ ಶಿವಲಿಂಗಪ್ಪನನ್ನು. ಶಿವಲಿಂಗರುದ್ರಸರ್ಜನಿಗೆ ಹುಟ್ಟದ ಹುಡುಗನಿಗಾಗಿ ಸಾವಿರಾರು ಜನ ಕಾಡು ಸೇರಿದರು, 1831ರ ಜನವರಿಯಲ್ಲಿ ರಾಯಣ್ಣ ನಂದಗಡದಲ್ಲಿ ನೇಣಿಗೇರಿದ. ಅವರು ಒಪ್ಪಿದ್ದನ್ನು ಇಂದು ನಾವು ಕುಲ ಕೇಳಿ ಅಳೆಯುವುದು ಅವರಿಗೆ ಮಾಡುವ ಅನ್ಯಾಯ.

ರಾಮದುರ್ಗ ಇದೇ ಮಾತನ್ನು ಇನ್ನೊಂದು ಕಡೆಯಿಂದ ಹೇಳುತ್ತದೆ. ನರಗುಂದ, ರಾಮದುರ್ಗ ಎರಡೂ ಭಾವೆ ಮನೆತನದ ಸಂಸ್ಥಾನಗಳು. ನರಗುಂದದ ಬಾಬಾಸಾಹೇಬ, ಅಂದರೆ ಭಾಸ್ಕರರಾವ್ ಭಾವೆ, ದತ್ತಕಕ್ಕೆ ಕೇಳಿದ ಅನುಮತಿ ಸಿಗಲಿಲ್ಲ. 1858ರ ಮೇ 29ರ ರಾತ್ರಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಬೀಡುಬಿಟ್ಟಿದ್ದ ರಾಜಕೀಯ ಏಜೆಂಟ್ ಮ್ಯಾನ್ಸನ್ ನರಗುಂದದವರ ಕೈಗೆ ಸಿಕ್ಕು ಸತ್ತ. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ನೇಣಿಗೇರಿಸಿದರು, ನರಗುಂದ ಸಂಸ್ಥಾನ ಮುಗಿಯಿತು. ರಾಮದುರ್ಗದಲ್ಲಿ ಆಳುತ್ತಿದ್ದವನು ಅವನ ಮಲಸೋದರ. ಅವನ ಸಂಸ್ಥಾನ ಉಳಿಯಿತು, ಅವನ ಮನೆತನಕ್ಕೆ ದತ್ತಕದ ಸನದೂ ಇತ್ತು. ದಂಗೆಯ ಪೆಟ್ಟು ತಿಂದ ಮೇಲೆ ಸರಕಾರ ನೀತಿಯನ್ನೇ ತಿರುಗಿಸಿ 1862ರಲ್ಲಿ ಸಂಸ್ಥಾನಿಕರಿಗೆಲ್ಲ ಅಂಥ ಸನದುಗಳನ್ನು ಹಂಚಿತು. ಒಂದೇ ರಕ್ತದ ಇಬ್ಬರು. ಒಬ್ಬನಿಗೆ ನೇಣು, ಇನ್ನೊಬ್ಬನ ಮನೆಗೆ 1948ರವರೆಗೆ ಗದ್ದುಗೆ. ಇದಕ್ಕಿಂತ ಸ್ಪಷ್ಟ ಪುರಾವೆ ಬೇಕೇ?

ದತ್ತುಮಗನೊಬ್ಬ ಪದವಿಯನ್ನು ಏನು ಮಾಡಬಲ್ಲ ಎಂಬುದಕ್ಕೆ ಸವದತ್ತಿ ತಾಲೂಕಿನ ಶಿರಸಂಗಿಯೇ ಉತ್ತರ. ಸವದತ್ತಿಯ ಕೋಟೆ ಕಟ್ಟಿಸಿದ್ದು ಇದೇ ಶಿರಸಂಗಿ ದೇಸಾಯರ ಮನೆತನ. 1861ರಲ್ಲಿ ಶಿಗ್ಲಿಯ ಒಂದು ಮನೆಯಲ್ಲಿ ಹುಟ್ಟಿದ ರಾಮಪ್ಪ ಎಂಬ ಹುಡುಗ ದತ್ತಕವಾಗಿ ಈ ವಾಡೆಗೆ ಬಂದು ಲಿಂಗರಾಜ ದೇಸಾಯಿ ಆದ. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಗೆ ಮೊದಲ ಅಧ್ಯಕ್ಷನಾದ. ಮತ್ತೊಂದು ದತ್ತಕ ತಂದು ವಾಡೆಗೆ ವಾರಸುದಾರನನ್ನು ಮಾಡಿಟ್ಟು ಹೋಗುವುದು ದೇಸಗತಿಗಳ ರೂಢಿಯಾಗಿತ್ತು. ಲಿಂಗರಾಜ ಹಾಗೆ ಮಾಡದೆ ಮೃತ್ಯುಪತ್ರ ಬರೆದು ಆಸ್ತಿಯನ್ನು ಮಕ್ಕಳ ವಿದ್ಯೆಗೆ ಬಿಟ್ಟ, 1906ರಲ್ಲಿ ತೀರಿಕೊಂಡ. ಆ ಟ್ರಸ್ಟಿನ ನೆರವಿನಿಂದ ಓದಿದವರ ತಲೆಮಾರುಗಳೇ ಬಂದಿವೆ. ಬೆಳಗಾವಿಯಲ್ಲಿ 1933ರಲ್ಲಿ ಶುರುವಾದ ಕೆಎಲ್‌ಇ ಸಂಸ್ಥೆಯ ಕಾಲೇಜು ಅವನ ಹೆಸರು ಹೊತ್ತಿದೆ. ಜನ ಅವನನ್ನು ತ್ಯಾಗವೀರ ಎಂದು ಕರೆದರು. ಸುಲ್ತಾನರಾಗಲಿ ಪೇಶವೆಯಾಗಲಿ ಕೊಟ್ಟ ಬಿರುದಲ್ಲ ಅದು, ಯಾವ ಸನದಿನಲ್ಲೂ ಬರೆದಿಲ್ಲ. ಈ ನಾಲ್ಕು ತಾಲೂಕುಗಳ ಬಿರುದುಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ದತ್ತಕದಲ್ಲೂ ರಕ್ತ, ಜಾತಿ ಇದ್ದೇ ಇರುತ್ತಿದ್ದವಲ್ಲ ಎಂಬುದು ಇನ್ನೊಂದು ಆಕ್ಷೇಪ. ನಿಜ. ದತ್ತಕಕ್ಕೆ ಆಯ್ಕೆಯಾಗುತ್ತಿದ್ದುದು ನೆಂಟರ, ಸ್ವಜಾತಿಯ, ಅನುಕೂಲಸ್ಥ ಮನೆಗಳ ಗಂಡುಹುಡುಗ. ಮನೆಯ ಹೆಣ್ಣುಮಗಳಿಗೆ ಗದ್ದುಗೆ ಇಲ್ಲ, ಹೊಲಗೇರಿಯ ಹುಡುಗನಿಗೆ ವಾಡೆಯ ಬಾಗಿಲೇ ಇಲ್ಲ. ದೇಸಗತಿಗಳು ಪ್ರಜಾರಾಜ್ಯಗಳಾಗಿದ್ದವು ಎಂದು ನಾನು ಹೇಳುತ್ತಿಲ್ಲ. ಕಂದಾಯ ಎತ್ತುವ ಕೈ ರೈತನ ಬೆನ್ನ ಮೇಲೂ ಬಿದ್ದಿದೆ. ರಾಮದುರ್ಗದಲ್ಲಿ 1939ರ ಏಪ್ರಿಲ್ 7ರಂದು ಪ್ರಜಾಸಂಘದ ನಾಯಕರ ಬಂಧನದಿಂದ ಕೆರಳಿದ ಜನ ಜೈಲಿಗೆ ನುಗ್ಗಿದರು, ಪೊಲೀಸರು ಸತ್ತರು, ಆಮೇಲೆ ಹಲವರು ನೇಣಿಗೇರಿದರು. ಸನದು ಗಟ್ಟಿಯಾಗಿತ್ತು, ಪ್ರಜೆಯ ಒಪ್ಪಿಗೆ ಕೈತಪ್ಪಿತ್ತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, 1950ರ ಕಾಯ್ದೆ ಪರಗಣ ವತನಗಳನ್ನು ರದ್ದುಮಾಡಿತು, 1971ರಲ್ಲಿ ರಾಜರ ಮಾನ್ಯತೆಯೇ ಸಂವಿಧಾನದಿಂದ ಹೋಯಿತು. ಆದದ್ದೆಲ್ಲ ಒಳ್ಳೆಯದೇ ಆಯಿತು. ಆದರೆ ಪದವಿ ಹೋದ ಮೇಲೂ ವಂಶದ ಜಗಳವನ್ನು ನಾವು ಯಾಕೆ ಉಳಿಸಿಕೊಂಡಿದ್ದೇವೆ? ಅದಕ್ಕೆ ಒಂದು ಕಾರಣ, ಕಾಗದಗಳು ಜನರ ಕಣ್ಣಿಗೆ ಬೀಳದೇ ಇರುವುದು. ದಾಖಲೆ ಓದದವನಿಗೆ ವಂಶದ ಕತೆಯೊಂದೇ ಉಳಿಯುತ್ತದೆ.

ಆದ್ದರಿಂದ ಸರಕಾರಕ್ಕೂ ಬೆಳಗಾವಿ, ಧಾರವಾಡದ ವಿಶ್ವವಿದ್ಯಾಲಯಗಳಿಗೂ ಒಂದು ಬೇಡಿಕೆ. ದೇಸಗತಿ ಕಾಲದ ದಫ್ತರಗಳು ಬಹುಪಾಲು ಮೋಡಿ ಲಿಪಿಯಲ್ಲಿವೆ, ಕಂಪನಿಯ ಪತ್ರವ್ಯವಹಾರ ಇಂಗ್ಲಿಷಿನಲ್ಲಿದೆ. ಅವುಗಳಲ್ಲಿ ಮುಖ್ಯವಾದವನ್ನು ಕನ್ನಡಕ್ಕೆ ತಂದು, ಮೂಲದ ಚಿತ್ರದೊಡನೆ, ಸಾಮಾನ್ಯ ಓದುಗ ಕೊಳ್ಳುವ ಬೆಲೆಗೆ ಅಚ್ಚುಹಾಕಿಸಬೇಕು. ಮೋಡಿ ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಹತ್ತಾರು ಯುವಕ ಯುವತಿಯರಿಗೆ ವೇತನ ಕೊಟ್ಟು ಕಲಿಸಬೇಕು. ದತ್ತಕದ ಪತ್ರವ್ಯವಹಾರ, ಥ್ಯಾಕರೆಯ ವರದಿಗಳು, ಲಿಂಗರಾಜರ ಮೃತ್ಯುಪತ್ರ, ಇವುಗಳ ಕನ್ನಡ ಪ್ರತಿಗಳನ್ನು ಕಿತ್ತೂರಿನ ವಸ್ತುಸಂಗ್ರಹಾಲಯದ ಗೋಡೆಯ ಮೇಲೆ ಶಾಲೆಯ ಹುಡುಗನೂ ಓದುವಷ್ಟು ದಪ್ಪಕ್ಷರದಲ್ಲಿ ಹಾಕಬೇಕು. ವರ್ಷವರ್ಷ ಮೂರು ದಿನದ ಉತ್ಸವಕ್ಕೆ ಹಣ ಬರುತ್ತದೆ. ಈ ಸಲ ಅದರಲ್ಲೇ ಒಂದು ಪಾಲನ್ನು ಈ ಕೆಲಸಕ್ಕೆ ತೆಗೆದಿಡಿ.