ಓದಿದ್ದು ಶೇ. 10, ನೋಡಿದ್ದು ಶೇ. 30: ಸ್ಮಾರ್ಟ್ ಕ್ಲಾಸ್ ಜಾಹೀರಾತಿನ ಈ ಲೆಕ್ಕ ಎಲ್ಲಿಂದ ಬಂತು?

ಓದಿದ್ದರಲ್ಲಿ ಶೇ. 10 ನೆನಪಿರುತ್ತದಂತೆ, ಕೇಳಿದ್ದರಲ್ಲಿ ಶೇ. 20, ನೋಡಿದ್ದರಲ್ಲಿ ಶೇ. 30, ಸ್ವತಃ ಮಾಡಿದ್ದರಲ್ಲಿ ಶೇ. 90. ತ್ರಿಕೋನದ ಚಿತ್ರದ ಜೊತೆ ಬರುವ ಈ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಸ್ಮಾರ್ಟ್ ಬೋರ್ಡ್, ಟ್ಯಾಬ್ಲೆಟ್ ಮಾರುವವರಿಗೆ ಇದು ಬಹಳ ಪ್ರಿಯ. ನೋಡಿದರೆ ಹೆಚ್ಚು ನೆನಪಿರುತ್ತದೆ, ಹಾಗಾಗಿ ತರಗತಿಗೊಂದು ಪರದೆ ಬೇಕು ಎಂಬುದು ವಾದ.

ಈ ಅಂಕಿಗಳ ಹಿಂದೆ ಯಾವ ಪ್ರಯೋಗವೂ ಇಲ್ಲ.

ಎಡ್ಗರ್ ಡೇಲ್ ಎಂಬ ಅಮೆರಿಕದ ಶಿಕ್ಷಣ ತಜ್ಞ 1946ರಲ್ಲಿ ಚಿತ್ರ ಮತ್ತು ಧ್ವನಿ ಬಳಸಿ ಪಾಠ ಮಾಡುವ ಬಗ್ಗೆ ಪುಸ್ತಕ ಬರೆದರು. ಅದರಲ್ಲಿ 'ಅನುಭವದ ಶಂಕು' ಎಂಬ ಚಿತ್ರವಿತ್ತು. ತಳದಲ್ಲಿ ನೇರ ಅನುಭವ, ತುದಿಯಲ್ಲಿ ಬರೀ ಮಾತು. ಶೇಕಡಾವಾರು ಲೆಕ್ಕ ಇರಲೇ ಇಲ್ಲ. ಅದನ್ನು ಆಮೇಲೆ ಬೇರೆಯವರು ಅಂಟಿಸಿದ್ದು. ಇದರ ಒಂದು ಆವೃತ್ತಿಗೆ ಮೂಲವೆಂದು ಹೇಳಲಾಗುವ ಅಮೆರಿಕದ ಎನ್‌ಟಿಎಲ್ ಸಂಸ್ಥೆಯನ್ನು ಕೇಳಿದಾಗ, ಮೂಲ ಸಂಶೋಧನೆ ತಮ್ಮ ಬಳಿ ಇಲ್ಲ, ಹುಡುಕಿದರೂ ಸಿಗುತ್ತಿಲ್ಲ ಎಂದಿತು. ಅಲ್ಲದೆ, ನಿಜವಾದ ಪ್ರಯೋಗದಲ್ಲಿ 10, 20, 30 ಎಂದು ಇಷ್ಟು ಗುಂಡಾದ ಸಂಖ್ಯೆಗಳು ಸಾಲಾಗಿ ಬರುತ್ತವೆಯೇ?

ಹಾಗಾದರೆ ತರಗತಿಯಲ್ಲಿ ತಂತ್ರಜ್ಞಾನ ದಂಡವೇ? ಅಲ್ಲ. ಎರಡು ದೊಡ್ಡ ಪರೀಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ದಕ್ಷಿಣ ಅಮೆರಿಕದ ಪೆರು ದೇಶದ ಸರ್ಕಾರ ಹಳ್ಳಿಶಾಲೆಗಳ ಮಕ್ಕಳಿಗೆ ತಲಾ ಒಂದು ಲ್ಯಾಪ್‌ಟಾಪ್ ಕೊಟ್ಟಿತು. ಸಂಶೋಧಕರು 319 ಶಾಲೆಗಳನ್ನು ಹೋಲಿಸಿ ನೋಡಿದರು. ಸುಮಾರು 15 ತಿಂಗಳ ನಂತರವೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಲ್ಯಾಪ್‌ಟಾಪ್ ಸಿಕ್ಕ ಮಕ್ಕಳು ಮುಂದಿರಲಿಲ್ಲ.

ಇನ್ನೊಂದು ನಮ್ಮದೇ ದೆಹಲಿಯದು. ಬಿಡುವಿನ ವೇಳೆಯ ಕೇಂದ್ರಗಳಲ್ಲಿ ಮಕ್ಕಳು 'ಮೈಂಡ್‌ಸ್ಪಾರ್ಕ್' ಎಂಬ ತಂತ್ರಾಂಶದಲ್ಲಿ ಕಲಿಯುತ್ತಿದ್ದರು. ದಿನಕ್ಕೆ 90 ನಿಮಿಷ. ಅರ್ಧ ಕಂಪ್ಯೂಟರಿನ ಮುಂದೆ, ಇನ್ನರ್ಧ ಸಣ್ಣ ಗುಂಪಿನಲ್ಲಿ ಬೋಧಕರೊಂದಿಗೆ. ಯಾರಿಗೆ ಉಚಿತ ಪ್ರವೇಶ ಎಂಬುದನ್ನು ಲಾಟರಿ ಎತ್ತಿ ನಿರ್ಧರಿಸಿದ್ದರು. ಹಾಗಾಗಿ ಎರಡು ಗುಂಪುಗಳ ಹೋಲಿಕೆ ನಂಬಲರ್ಹ. 619 ಮಕ್ಕಳ ಈ ಅಧ್ಯಯನದಲ್ಲಿ, ನಾಲ್ಕೂವರೆ ತಿಂಗಳಲ್ಲಿ ಪ್ರವೇಶ ಸಿಕ್ಕವರ ಗಣಿತದ ಪ್ರಗತಿ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಹಿಂದಿಯಲ್ಲೂ ಸುಧಾರಣೆ ಕಂಡಿತು. 2019ರಲ್ಲಿ ಇದು ಪ್ರಕಟವಾಯಿತು.

ಎರಡೂ ಕಡೆ ಪರದೆ ಇತ್ತು. ವ್ಯತ್ಯಾಸ ಬಂದದ್ದು ಎಲ್ಲಿ? ದೆಹಲಿಯ ಮಕ್ಕಳಲ್ಲಿ 6ನೇ ತರಗತಿಯವರು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರು. 9ನೇ ತರಗತಿಯ ಹೊತ್ತಿಗೆ ಆ ಅಂತರ ನಾಲ್ಕೂವರೆ ತರಗತಿಯಷ್ಟಿತ್ತು. ಅಂಥ ಮಗುವಿಗೆ ಬೀಜಗಣಿತದ ಪಾಠವನ್ನು ಎಷ್ಟೇ ಬಣ್ಣಬಣ್ಣವಾಗಿ ತೋರಿಸಿದರೂ ಅಷ್ಟೇ. ಅದಕ್ಕೆ ಭಾಗಾಕಾರವೇ ಬಂದಿಲ್ಲ. ತಂತ್ರಾಂಶ ಮೊದಲು ಮಗು ಎಲ್ಲಿ ನಿಂತಿದೆ ಎಂದು ಪತ್ತೆ ಮಾಡಿ, ಅಲ್ಲಿಂದ ಪಾಠ ಶುರು ಮಾಡುತ್ತಿತ್ತು. ಐವತ್ತು ಮಕ್ಕಳಿರುವ ಕೋಣೆಯಲ್ಲಿ ಒಬ್ಬ ಶಿಕ್ಷಕಿ ಇದನ್ನು ಮಾಡುವುದು ಎಷ್ಟು ಕಷ್ಟ ಎಂಬುದು ಯಾವ ಮೇಷ್ಟರನ್ನು ಕೇಳಿದರೂ ಗೊತ್ತಾಗುತ್ತದೆ. ಗೋಡೆಯ ಮೇಲಿನ ಸ್ಮಾರ್ಟ್ ಬೋರ್ಡ್ ಇದನ್ನು ತಾನಾಗಿ ಮಾಡುವುದಿಲ್ಲ. ಅದು ಎಲ್ಲರಿಗೂ ಒಂದೇ ವಿಡಿಯೊ ತೋರಿಸುತ್ತದೆ. ಹೃದಯ ಬಡಿಯುವುದನ್ನು, ಗ್ರಹಣವನ್ನು ತೋರಿಸಲು ಅದು ಚೆನ್ನಾಗಿಯೇ ಇದೆ, ಆ ಮಾತು ಬೇರೆ.

ಹಾಗಾಗಿ ಪೋಷಕರ ಸಭೆಯಲ್ಲಿ ಹೊಸ ಶುಲ್ಕದ ಮಾತು ಬಂದಾಗ ಪರದೆ ಎಷ್ಟು ಇಂಚಿನದು ಎಂಬುದಕ್ಕಿಂತ ಮೊದಲು ಇದನ್ನು ಕೇಳಿ: ಹಿಂದುಳಿದ ಮಗು ಎಲ್ಲಿ ಎಡವುತ್ತಿದೆ ಎಂದು ಇದು ಹೇಗೆ ತಿಳಿಸುತ್ತದೆ? ತಿಳಿದ ಮೇಲೆ ಅದರ ಪಕ್ಕ ಕೂರುವವರು ಯಾರು?

ಫಲಿತಾಂಶವನ್ನು ಅಂಕಪಟ್ಟಿಯಲ್ಲಿ ಮಾತ್ರ ಹುಡುಕಿದರೆ ಮೋಸ ಹೋಗುತ್ತೀರಿ. ದೆಹಲಿಯ ಅದೇ ಮಕ್ಕಳಿಗೆ ತಮ್ಮ ಶಾಲೆಯ ಗಣಿತ ಪರೀಕ್ಷೆಯಲ್ಲಿ ಹೇಳಿಕೊಳ್ಳುವಷ್ಟು ಹೆಚ್ಚು ಅಂಕ ಬರಲಿಲ್ಲ. 4ನೇ ತರಗತಿಯ ಮಟ್ಟದಿಂದ 5ಕ್ಕೆ ಏರಿದ ಮಗುವಿನ ಕಲಿಕೆಯನ್ನು ಅಳೆಯುವ ಪ್ರಶ್ನೆ 9ನೇ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಇರುವುದಿಲ್ಲ.