ಹಗುರ ಲ್ಯಾಪ್‌ಟಾಪ್, ಹೊಣೆಯ ಲೆಕ್ಕ



ತೋಟಕ್ಕೆ ಬರುವ ಆಳುಗಳ ಮುಂಗಡ, ಕೂಲಿಯ ಲೆಕ್ಕ ಹಿಡಿದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಬಸ್ಸಿನಲ್ಲಿ ಸುತ್ತುವ ನಾವು ಹಗುರ ಲ್ಯಾಪ್‌ಟಾಪ್ ಬಯಸುವುದು ಸಹಜ. ಆದರೆ ತೂಕವೊಂದನ್ನೇ ನೋಡಿ ಕೊಳ್ಳುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಚಾರ್ಜರನ್ನೂ ಸೇರಿಸಿಯೇ ತೂಗಬೇಕು. ಒಂದೂವರೆ ಕಿಲೋ ಒಳಗಿದ್ದರೆ ಹೆಗಲಿಗೆ ಭಾರವಾಗದು. ಬ್ಯಾಟರಿಯ ಸಾಮರ್ಥ್ಯ ಕೇಳಬೇಕು: 50 ವಾಟ್-ಅವರ್ ಬ್ಯಾಟರಿ, 10 ವಾಟ್ ಎಳೆಯುವ ಯಂತ್ರವನ್ನು ಸುಮಾರು 5 ತಾಸು ನಡೆಸೀತು. ಮಿರುಗದ ಪರದೆಯಿದ್ದರೆ ಬಯಲುಸೀಮೆಯ ಬೆಳಕಿನಲ್ಲಿ ಅಂಕಿಗಳು ಕಂಡಾವು. ಬೇಸಿಗೆಯಲ್ಲಿ ಮುಚ್ಚಿದ ಜೀಪಿನಲ್ಲಿ ಬಿಟ್ಟರೆ ಬ್ಯಾಟರಿ ಬೇಗ ಕೆಡುತ್ತದೆ.

ಆಳಿನ ಮನೆಯಂಗಳದಲ್ಲಿ ಕುಳಿತು, ಆತನ ದುಡಿಮೆಯ ಲೆಕ್ಕವನ್ನು ಕನ್ನಡದಲ್ಲೇ ಓದಿ ಒಪ್ಪಿಸುವ ಮೊದಲೇ ಆರಿಹೋಗುವ ಯಂತ್ರ ಎಷ್ಟು ಹಗುರವಾಗಿದ್ದರೇನು? ಲೆಕ್ಕ ತಪ್ಪಿದರೆ ನಂಬಿಕೆ ತಪ್ಪೀತು. ನಂಬಿಕೆ ತಪ್ಪಿದರೆ ಮುಂದಿನ ಕೊಯ್ಲಿಗೆ ಯಾರು ಬಂದಾರು?